ಮೂರನೆಯ ಆಕಸ್ಮಿಕ

ಎರಡನೆಯ ಸಲವೂ ಅದೇ ಮನುಷ್ಯ ಎದುರಾದಾಗ ನನಗೆ ಅನುಮಾನ ಬಂತು. ನ್ಯಾಯವಾಗಿ ಮೊದಲನೆಯ ಸಲವೇ ಬರಬೇಕಿತ್ತು. ವಿಮಾನದ ಸುಸ್ತು ಇನ್ನೂ ಇಳಿದಿರಲಿಲ್ಲವಾದ್ದರಿಂದ ಅದು ಹೇಗೋ ನನ್ನ ಕೈತಪ್ಪಿ ಹೋಯಿತು.

ಅನುಮಾನ ನನ್ನ ಹುಟ್ಟುಗುಣವಲ್ಲ, ಉದ್ಯೋಗದಿಂದ ಬಂದದ್ದು. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆಪರೇಟರ್ ಆಗಿದ್ದೇನೆ. ಟ್ರಂಕ್ ಕಾಲ್ ಕಾಲದಲ್ಲಿ ಊರಿನ ಅರ್ಧ ಸಂಸಾರಗಳು ನನ್ನ ಕಿವಿಯ ಮೂಲಕವೇ ಹಾದುಹೋಗಿವೆ. ಗಿರಾಕಿಗಳ ಮಾತು ಕದ್ದು ಕೇಳಬಾರದು ಎಂದು ರೂಲ್ಸ್ ಪುಸ್ತಕದಲ್ಲಿದೆ. ಲೈನ್ ಸರಿಯಾಗಿದೆಯೇ ಎಂದು ಆಗಾಗ ಪರೀಕ್ಷಿಸಬೇಕು ಎಂದೂ ಅದೇ ಪುಸ್ತಕದಲ್ಲಿದೆ. ನಾನು ಪರೀಕ್ಷಿಸುತ್ತಿದ್ದೆ. ಹಾಗೆ ಪರೀಕ್ಷಿಸಿ ಕಲಿತದ್ದು ಒಂದೇ: ಸುಳ್ಳು ಹೇಳುವವರು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಾರೆ. ನಿಜ ಹೇಳುವವರು ಒಂದು ಉಸಿರು ಎಳೆದುಕೊಳ್ಳುತ್ತಾರೆ. ಈಗ ಎಲ್ಲ ಕಡೆ ಎಸ್‌ಟಿಡಿ ಬಂದು ನಮ್ಮನ್ನು 197ರಲ್ಲಿ ಕೂರಿಸಿದ್ದಾರೆ, ಕೇಳಿದವರಿಗೆ ನಂಬರು ಹುಡುಕಿ ಹೇಳುವುದಕ್ಕೆ. ಆದರೂ ಕಿವಿ ಮರೆತಿಲ್ಲ.

ನನ್ನ ಮಗಳು ಮೈಥಿಲಿಗೆ ಇಪ್ಪತ್ತೈದು. ವಿದೇಶದಲ್ಲಿ, ಯುಟ್ರೆಕ್ಟ್ ಎಂಬ ಊರಿನಲ್ಲಿ ಕೆಲಸ. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳಿಗೆ ಬುದ್ಧಿಭ್ರಮಣೆ ಆಗುತ್ತದಂತೆ, ಆಗದ ಹಾಗೆ ಈಗಿನಿಂದಲೇ ನೋಡಿಕೊಳ್ಳುವ ಕೆಲಸ. ನಾನು ಹೋದದ್ದು ತೊಂಬತ್ತೆಂಟರ ಅಕ್ಟೋಬರಿನಲ್ಲಿ, ಮೂರು ವಾರಕ್ಕೆ. ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ವಿಷಯ. ಆ ವರ್ಷ ನಾನು ಫೋನಿನಲ್ಲಿ ಹೇಳಿದ ಮೂರು ಗಂಡುಗಳನ್ನು ಅವಳು ಫೋಟೋ ಕೂಡ ನೋಡದೆ ಬೇಡ ಎಂದಿದ್ದಳು. ಯಾಕೆ ಎಂದು ಕೇಳಿದರೆ, "ಈಗ ಬೇರೆ ಒಂದು ವಿಷಯ ಇದೆ ಅಮ್ಮ, ನೀನು ಬಂದಮೇಲೆ ಹೇಳ್ತೀನಿ" ಅಂದಿದ್ದಳು. ಬಂದು ಎರಡು ದಿನವಾದರೂ ಹೇಳಿರಲಿಲ್ಲ.

ಮೊದಲನೆಯ ಭೇಟಿ ಶನಿವಾರ, ಯುಟ್ರೆಕ್ಟ್‌ನ ಡೋಮ್ ಗೋಪುರದ ಕೆಳಗೆ. ಬೆಳಿಗ್ಗೆ ನಾನು ಉಟ್ಟಿದ್ದ ಬೂದು ಬಣ್ಣದ ಸೀರೆ ನೋಡಿ ಮೈಥಿಲಿ ಮುಖ ಗಂಟಿಕ್ಕಿದಳು. ಮೋಡದ ದಿನ, ಫೋಟೋದಲ್ಲಿ ನೀನು ಕಾಣೋದೇ ಇಲ್ಲ ಎಂದು ತಾನೇ ಸೂಟ್‌ಕೇಸಿನಿಂದ ಮರೂನ್ ಸೀರೆ ತೆಗೆದುಕೊಟ್ಟಳು. ನಾನೂರ ಅರವತ್ತೈದು ಮೆಟ್ಟಿಲು, ಮಂಡಿ ನೋವಿಲ್ಲ ತಾನೇ ಎಂದು ಎರಡು ಸಲ ಕೇಳಿದಳು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಈಗಲೂ ವರ್ಷಕ್ಕೊಮ್ಮೆ ಹತ್ತುವವಳು ನಾನು. ಇದೇನು ಮಹಾ ಅಂದೆ. ಟಿಕೆಟ್ಟಿನ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಉಣ್ಣೆ ಟೋಪಿಯವರೊಬ್ಬರು, "ಇಲ್ಲೂ ಕನ್ನಡ ಕೇಳಿಸ್ತಾ ಇದೆಯಲ್ಲ..." ಎಂದು ಶುರುಮಾಡಿದರು. ಅವರ ವಾಕ್ಯ ಮುಗಿದಿರಲಿಲ್ಲ, ಮೈಥಿಲಿ ತಿರುಗಿ, "ಅಯ್ಯೋ, ಶೇಷಾದ್ರಿ ಸರ್! ನೀವೇನ್ ಸರ್ ಇಲ್ಲಿ?" ಅಂದಳು. ದನಿ ಒಂದು ಶ್ರುತಿ ಮೇಲೆ ಹೋಗಿತ್ತು.

ಶೇಷಾದ್ರಿ ಬೆಂಗಳೂರಿನವರು, ಸಮುದ್ರದ ದಡದ ನೂರ್ಡ್‌ವೈಕ್ ಎಂಬ ಊರಿನಲ್ಲಿರುವ ಬಾಹ್ಯಾಕಾಶ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್, ಯುಗಾದಿಯ ದಿನ ಕನ್ನಡದವರೆಲ್ಲ ಸೇರಿದ್ದಾಗ ಪರಿಚಯ. ಇದೆಲ್ಲ ಮೈಥಿಲಿ ಮೆಟ್ಟಿಲು ಹತ್ತುತ್ತಾ ಹೇಳಿದ್ದು. ಹೆಂಡತಿ ತೀರಿಹೋಗಿ ಆರು ವರ್ಷವಾಯಿತು ಎಂಬುದನ್ನೂ ಯಾರೂ ಕೇಳದೆಯೇ ಸೇರಿಸಿದಳು. ಆ ಮನುಷ್ಯ ನನ್ನ ಪಕ್ಕದಲ್ಲೇ ಹತ್ತುತ್ತಾ ಎಕ್ಸ್‌ಚೇಂಜಿನ ಕೆಲಸದ ಬಗ್ಗೆ ಏನೇನೋ ಕೇಳಿದರು. ಮೇಲೆ ಹೋಗಿ ಏದುಸಿರು ಬಿಟ್ಟದ್ದು ಅವರೇ, ನಾನಲ್ಲ. ಇಡೀ ಊರು ಕೆಳಗೆ ಕಾಣುತ್ತಿತ್ತು. ಕಾಲುವೆ, ಕಾಲುವೆಯ ಅಂಚಿಗೇ ಇಳಿದ ಹಳೆಯ ನೆಲಮಾಳಿಗೆಗಳು, ರೈಲು ಹಳಿ. ಮೈಥಿಲಿ ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದಳು.

ಎರಡನೆಯದು ಮಾರನೆಯ ದಿನ, ಲೈಡನ್‌ನ ಸಸ್ಯತೋಟದಲ್ಲಿ. ನಾನೂರು ವರ್ಷ ಹಳೆಯ ತೋಟ, ಗಾಜಿನ ಮನೆಯೊಳಗೆ ತಟ್ಟೆಯಂಥ ದೊಡ್ಡ ಎಲೆಯ ತಾವರೆ. ಅದರ ಪಕ್ಕದಲ್ಲಿ ಫ್ಲಾಸ್ಕ್ ಹಿಡಿದುಕೊಂಡು ಅದೇ ಉಣ್ಣೆ ಟೋಪಿ. ಮೈಥಿಲಿಗೆ ಮತ್ತೆ ಆಶ್ಚರ್ಯ. "ವಾಟ್ ಎ ಕೋಇನ್ಸಿಡೆನ್ಸ್ ಸರ್" ಅಂದಳು. ಇಡೀ ದೇಶದಲ್ಲಿ ಒಂದೂವರೆ ಕೋಟಿ ಜನ. ಅಷ್ಟು ಜನರಲ್ಲಿ ಒಬ್ಬನೇ ಮನುಷ್ಯ ಎರಡು ದಿನ ಎರಡು ಊರಿನಲ್ಲಿ ಕಣ್ಣಿಗೆ ಬೀಳುವುದು ಆಕಸ್ಮಿಕವಾದರೆ ನಾನು ಮೈಸೂರು ಮಹಾರಾಣಿ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಇತ್ತು. ಲೋಟಗಳೂ ಸರಿಯಾಗಿ ಮೂರೇ ಇದ್ದವು.

ಮೊದಲ ಲೋಟ ನನಗೆ ಕೊಟ್ಟರು. ಆಮೇಲೆ ಜೇಬು ತಡವಿ, "ಕನ್ನಡಕ ಬಸ್ಸಲ್ಲೇ ಬಿಟ್ಟೆ ಅನ್ಸುತ್ತೆ. ಆ ಬೋರ್ಡಲ್ಲಿ ಏನಿದೆ ಸ್ವಲ್ಪ ಓದ್ತೀರಾ?" ಎಂದು ನನ್ನನ್ನೇ ಕೇಳಿದರು.

ಲೋಟ ಕೆಳಗಿಟ್ಟೆ. ಈ ಮಾತನ್ನು ನಾನು ಮೊದಲೂ ಕೇಳಿದ್ದೆ.

ಎಪ್ಪತ್ತೊಂದರ ಜನವರಿ. ನನಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬರೋಣ ಬಾ ಎಂದು ಅಪ್ಪ ಮೈಸೂರಿನಿಂದ ಬೆಳಗಿನ ರೈಲಿಗೆ ಕರೆದುಕೊಂಡು ಹೋದರು. ಗಾಜಿನ ಮನೆಯ ಹತ್ತಿರ ಅಪ್ಪನಿಗೆ ಆಕಸ್ಮಿಕವಾಗಿ ಯಾರೋ ಪರಿಚಯದವರು ಸಿಕ್ಕರು, ಇಬ್ಬರು ಗಂಡಸರು, ಒಬ್ಬರು ವಯಸ್ಸಾದ ಹೆಂಗಸು. ಆ ಹೆಂಗಸು, ಕನ್ನಡಕ ಮನೇಲೇ ಬಿಟ್ಟು ಬಂದೆ, ಆ ಗಿಡದ ಹೆಸರೇನು ಓದಮ್ಮ ಅಂದರು. ನಾನು ಓದಿದೆ. ಈ ಲೋಟ ಆ ನಲ್ಲಿಯಲ್ಲಿ ತೊಳೆದುಕೊಂಡು ಬಾರಮ್ಮ ಅಂದರು. ನಡೆದುಹೋಗಿ ತೊಳೆದು ತಂದೆ. ಕಣ್ಣು ಸರಿಯಿದೆ, ಓದು ಬರುತ್ತದೆ, ಕಾಲು ಕುಂಟಿಲ್ಲ. ಹೊರಡುವಾಗ ಅವರು ಅಪ್ಪನಿಗೆ, "ಊರಿಗೆ ಹೋಗಿ ಕಾಗದ ಬರೀತೀವಿ" ಅಂದರು. ಹದಿನೈದು ದಿನ ಅಪ್ಪ ಪೋಸ್ಟ್‌ಮನ್ನಿನ ಸೈಕಲ್ ಬೆಲ್ಲಿಗೆ ಎದ್ದು ಎದ್ದು ಬಾಗಿಲಿಗೆ ಹೋದರು. ಕಾಗದ ಬಂದಮೇಲೆ ನನಗೆ ಗೊತ್ತಾಯಿತು, ಅವತ್ತು ಪ್ರದರ್ಶನಕ್ಕಿಟ್ಟಿದ್ದು ಹೂವಲ್ಲ ಎಂದು. ಒಂದು ಮಾತು ಹೇಳಬಾರದಿತ್ತೇ ಎಂದು ಅತ್ತುಬಿಟ್ಟೆ. "ಹೇಳಿದ್ದರೆ ನೀನು ಬರ್ತಿದ್ಯಾ?" ಎಂದರು ಅಪ್ಪ. ನನ್ನ ಪಾಲಿನ ಮದುವೆ ಮಾತುಕತೆ ಅಷ್ಟೇ.

ಹಾಗೆ ನನ್ನ ಗಂಡನಾದ ಗೋವಿಂದರಾಜು ನನಗಿಂತ ಹದಿಮೂರು ವರ್ಷ ದೊಡ್ಡವರು. ಕೆಟ್ಟವರಲ್ಲ. ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರ್. ಎಪ್ಪತ್ತಾರರಲ್ಲಿ ಕಾಮಾಲೆ ಬಂದು ಮೂರೇ ವಾರದಲ್ಲಿ ಹೋದರು. ಮೈಥಿಲಿಗೆ ಮೂರು ವರ್ಷ, ನನಗೆ ಇಪ್ಪತ್ತೈದು. ಅನುಕಂಪದ ಮೇಲೆ ನನಗೆ ಕೆಲಸ ಕೊಟ್ಟರು, ಜೊತೆಗೆ ಕುಟುಂಬ ಪಿಂಚಣಿ. ಪಿಂಚಣಿ ನಿಲ್ಲಬಾರದೆಂದರೆ ಪ್ರತಿ ನವೆಂಬರಿನಲ್ಲಿ ಒಂದು ಫಾರಂ ತುಂಬಬೇಕು, ನಾನು ಮರುಮದುವೆಯಾಗಿಲ್ಲ ಎಂದು. ಅದಕ್ಕೆ ಗೆಜೆಟೆಡ್ ಅಧಿಕಾರಿಯೊಬ್ಬರ ರುಜು ಬೇಕು. ನಮ್ಮ ಬೀದಿಯ ಕಾಲೇಜು ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದು, "ಏನಮ್ಮ, ಈ ವರ್ಷವೂ ಇಲ್ಲ ತಾನೆ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮೈಥಿಲಿ ನನ್ನ ಸೆರಗು ಹಿಡಿದುಕೊಂಡು ನಿಂತಿರುತ್ತಿದ್ದಳು.

ಹಾಗಾಗಿ ಲೈಡನ್‌ನಲ್ಲಿ ನನಗೆ ಎಲ್ಲ ಒಂದೇ ಏಟಿಗೆ ಹೊಳೆಯಿತು. ಇದು ನೋಡುವ ಶಾಸ್ತ್ರ. ಈ ಮನುಷ್ಯ ನನ್ನ ಮಗಳನ್ನು ಕಟ್ಟಿಕೊಳ್ಳಬೇಕೆಂದಿದ್ದಾನೆ, ಅವಳಿಗೂ ಒಪ್ಪಿಗೆಯಿದೆ, ನನ್ನನ್ನು ಮೆತ್ತಗೆ ಮಾಡುವುದಕ್ಕೆ ಇಬ್ಬರೂ ಸೇರಿ ಈ ಆಕಸ್ಮಿಕಗಳನ್ನು ಏರ್ಪಡಿಸಿದ್ದಾರೆ. ಮೊದಲ ಲೋಟ ನನಗೆ ಯಾಕೆ? ನನ್ನ ಕೈಯಲ್ಲೇ ಬೋರ್ಡು ಓದಿಸಿದ್ದು ಯಾಕೆ? ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಸೀರೆ ಕೊಳ್ಳುವವನು ನೂಲು ಹಿಡಿದು ನೋಡುತ್ತಿದ್ದಾನೆ. ನಾನು ಬೋರ್ಡಿನಲ್ಲಿದ್ದ ಲ್ಯಾಟಿನ್ ಹೆಸರನ್ನು ಮೇಷ್ಟರ ಹಾಗೆ ಗಟ್ಟಿಯಾಗಿ ಓದಿ, ಮುದುಕನಿಗೆ ಕಣ್ಣೂ ಹೋಗಿದೆ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ವಾರವಿಡೀ ಮೈಥಿಲಿ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುತ್ತಿದ್ದಳು, ನಾನು ಮನೆಯಲ್ಲಿ ಪುರಾವೆ ಹುಡುಕುತ್ತಿದ್ದೆ. ಗುರುವಾರ ಸಿಕ್ಕಿತು, ಶೌಚಾಲಯದಲ್ಲಿ. ಆ ದೇಶದವರು ನೆಂಟರಿಷ್ಟರ ಹುಟ್ಟುಹಬ್ಬದ ಕ್ಯಾಲೆಂಡರನ್ನು ಶೌಚಾಲಯದ ಬಾಗಿಲಿಗೆ ತೂಗುಹಾಕುತ್ತಾರೆ, ದಿನಾ ಕಣ್ಣಿಗೆ ಬೀಳುತ್ತದಲ್ಲ, ಮರೆಯುವುದಿಲ್ಲ ಎಂದು. ನಮ್ಮವಳೂ ಅದನ್ನು ಕಲಿತಿದ್ದಳು. ತಿಂಗಳುಗಳನ್ನು ಮೇಲಕ್ಕೆತ್ತಿ ನೋಡುತ್ತಾ ಹೋದೆ. ಹೆಚ್ಚಿನವು ಆಫೀಸಿನ ಗೆಳೆಯರ ಹೆಸರುಗಳು, ಬರೀ ಹೆಸರುಗಳು. ಡಿಸೆಂಬರಿನಲ್ಲಿ ಮಾತ್ರ, 'ಶೇಷಾದ್ರಿ ಸರ್, 1943, ಹಸ್ತ' ಎಂದು ಕನ್ನಡದಲ್ಲಿ ಬರೆದಿತ್ತು. ಹುಟ್ಟುಹಬ್ಬದ ಕೇಕಿಗೆ ನಕ್ಷತ್ರ ಬೇಡ. ನಕ್ಷತ್ರ ಬೇಕಾಗುವುದು ಜಾತಕ ಕೂಡಿಸುವುದಕ್ಕೆ. ಮಾರ್ಚಿನಲ್ಲಿ ನನ್ನ ಹೆಸರಿನ ಮುಂದೆಯೂ 'ರೋಹಿಣಿ' ಎಂದಿತ್ತು, ಅದು ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಲಿಕ್ಕಿರಬೇಕು ಎಂದುಕೊಂಡೆ. ಐವತ್ತನಾಲ್ಕು ವರ್ಷದವನು, ಇಪ್ಪತ್ತೈದು ವರ್ಷದವಳು. ಅಲ್ಲೇ ಬಾಗಿಲಿಗೆ ಒರಗಿ ನಿಂತು ಲೆಕ್ಕ ಹಾಕಿದೆ. ಇವಳಿಗೆ ನಲವತ್ತಾಗುವಾಗ ಅವನಿಗೆ ಎಪ್ಪತ್ತರ ಹತ್ತಿರ. ಆಮೇಲೆ ಇವಳೂ ನನ್ನ ಹಾಗೆಯೇ ನವೆಂಬರು ನವೆಂಬರಿಗೆ ಫಾರಂ ಹಿಡಿದು ನಿಲ್ಲುತ್ತಾಳೆ. ಬೇರೆ ಜಾತಿಯವನನ್ನೋ ಈ ದೇಶದವನನ್ನೋ ಕರೆತಂದಿದ್ದರೆ ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಿದ್ದೆ. ನನ್ನ ಪಾಡನ್ನು ಹುಡುಕಿ ತಂದುಕೊಳ್ಳುತ್ತಾಳಲ್ಲ, ಅದನ್ನು ತಡೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಾಗ ಮೈಥಿಲಿ ಅಡುಗೆಮನೆಯಲ್ಲಿ ಫೋನಿನಲ್ಲಿದ್ದಳು. ಆ ಕಡೆ ಮಸರ್ರತ್, ಇವಳ ಆಫೀಸಿನ ಹುಡುಗಿ, ಹಾಸನದವಳು. ನಾನು ಹೊರಗೆ ನಿಂತು ಲೈನ್ ಪರೀಕ್ಷಿಸಿದೆ.

"ಅವರಿಗೆ ಓಕೆ ಕಣೇ. ಫುಲ್ ಓಕೆ. ಅಮ್ಮಂದೇ ಟೆನ್ಷನ್. ಇವತ್ತು ಡೆಲ್ಫ್ಟ್‌ನಲ್ಲಿ ಇಬ್ಬರನ್ನೇ ಬಿಟ್ಟು ಎಲ್ಲಾದ್ರೂ ಹೋಗ್ಬಿಡ್ತೀನಿ, ಅವರೇ ಮಾತಾಡ್ಲಿ. ನನಗಂತೂ ಅಮ್ಮನ ಮುಂದೆ ಬಾಯೇ ಬರಲ್ಲ."

ಸರಿ, ಮಾತಾಡೋಣ ಎಂದುಕೊಂಡೆ. ಮರೂನ್ ಸೀರೆ ಇಸ್ತ್ರಿಯಾಗಿ ಮಂಚದ ಮೇಲೆ ಕಾದಿತ್ತು. ನಾನು ಬೂದು ಸೀರೆಯನ್ನೇ ಉಟ್ಟೆ.

ಡೆಲ್ಫ್ಟ್ ಚಂದದ ಊರಂತೆ. ನಾನು ಅವತ್ತು ಏನನ್ನೂ ಸರಿಯಾಗಿ ನೋಡಲಿಲ್ಲ. ಒಂದು ಚರ್ಚಿನ ಗೋಪುರ ವಾಲಿಕೊಂಡಿತ್ತು, ಇನ್ನೊಂದು ನೆಟ್ಟಗಿತ್ತು. ಅಂಗಡಿಗಳ ತುಂಬ ನೀಲಿ ಚಿತ್ರದ ಪಿಂಗಾಣಿ. ದೊಡ್ಡ ಚೌಕದಲ್ಲಿ ನೆಟ್ಟಗಿನ ಚರ್ಚಿನ ಎದುರು ಬೆಂಚಿನ ಮೇಲೆ ಶೇಷಾದ್ರಿ ಕೂತಿದ್ದರು. ಈ ಸಲ ಮೈಥಿಲಿಗೆ ಆಶ್ಚರ್ಯಪಡುವುದಕ್ಕೂ ಪುರುಸೊತ್ತಿರಲಿಲ್ಲ. ಮಸರ್ರತ್‌ಗೆ ಒಂದು ಹೂಜಿ ತಗೋಬೇಕು, ಹತ್ತೇ ನಿಮಿಷ ಎಂದು ಉತ್ತರಕ್ಕೂ ಕಾಯದೆ ಓಡಿದಳು. ಇದೂ ನನಗೆ ಗೊತ್ತಿದ್ದ ಶಾಸ್ತ್ರವೇ. ಹುಡುಗ ಹುಡುಗಿ ಎರಡು ಮಾತಾಡಲಿ ಎಂದು ದೊಡ್ಡವರು ಎದ್ದು ಹಿತ್ತಲಿಗೆ ಹೋಗುತ್ತಾರಲ್ಲ, ಆ ತರಹದ ಓಟ. ಆದರೆ ಇಲ್ಲಿ ಹುಡುಗಿಯೇ ಎದ್ದು ಹೋದಳಲ್ಲ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ. ಸಿಟ್ಟು ಬಂದವರಿಗೆ ಕಿವಿಯೂ ಕೇಳುವುದಿಲ್ಲ.

ಶೇಷಾದ್ರಿ ಫ್ಲಾಸ್ಕಿನ ಮುಚ್ಚಳಕ್ಕೆ ಕೈ ಹಾಕಿದರು. ಕಾಫಿ ಬೇಡ ಅಂದೆ. ಕೂತುಕೊಂಡು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಹೇಳಿದೆ.

"ನೀವು ಒಳ್ಳೆಯವರೇ ಇರಬಹುದು, ನಾನು ಇಲ್ಲ ಅನ್ನಲ್ಲ. ಆದರೆ ನಿಮಗೆ ಐವತ್ತನಾಲ್ಕು. ನನ್ನ ಮಗಳಿಗೆ ಇಪ್ಪತ್ತೈದು. ನನ್ನ ಗಂಡ ನನಗಿಂತ ಹದಿಮೂರು ವರ್ಷ ದೊಡ್ಡೋರು, ಅದಕ್ಕೇ ಇಪ್ಪತ್ತೈದಕ್ಕೆ ನಾನು ಒಂಟಿಯಾದೆ. ನನಗಾಗಿದ್ದು ಅವಳಿಗೆ ಬೇಡ. ನಿಮಗೆ ಕೈ ಮುಗೀತೀನಿ, ಅವಳನ್ನ ಬಿಟ್ಟುಬಿಡಿ."

ನಿಜವಾಗಿಯೂ ಕೈ ಮುಗಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮುಖ ಕೆಂಪಾಗಿತ್ತು.

"ರುಕ್ಮಿಣಿಯವರೇ, ನಾನು ನೋಡೋಕೆ ಬಂದಿದ್ದು ನಿಮ್ಮ ಮಗಳನ್ನಲ್ಲ."

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಹೆಂಗಸರು ಬಂದಿದ್ದಾರೆಯೇ ಎಂದು. ಪಾರಿವಾಳಗಳಿದ್ದವು. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಮರೂನ್ ಸೀರೆ, ಮೆಟ್ಟಿಲು, ಮಂಡಿ, ಮೊದಲ ಲೋಟ, ರೋಹಿಣಿ ಎಲ್ಲವೂ ಒಂದರ ಹಿಂದೆ ಒಂದು ಬಂದು ನನ್ನ ತಲೆಯ ಮೇಲೆ ಬಿದ್ದವು.

ಅವರು ಏನೋ ವಿವರಿಸಲು ಹೊರಟರು. ಇದೆಲ್ಲ ನನಗೆ ಗೊತ್ತಿದೆ, ಸಂಕೋಚಕ್ಕೆ ಗೊತ್ತಿಲ್ಲದ ಹಾಗೆ ಇರುತ್ತೇನೆ ಎಂದು ಮೈಥಿಲಿ ಅವರಿಗೆ ಹೇಳಿದ್ದಳು ಎಂಬ ಹಾಗೆ ಏನೋ. ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಇಂಗು ತಿಂದ ಮಂಗನ ಹಾಗಾಗಿತ್ತು ನನ್ನ ಮುಖ. ಎದ್ದು ನಡೆದೆ. ಎಲ್ಲಿಗೆ ಎಂದು ಗೊತ್ತಿಲ್ಲದೆ ವಾಲಿದ ಗೋಪುರದ ಕಡೆಗೆ ನಡೆದೆ. ಕಾಲುವೆಯ ಸೇತುವೆಯ ಮೇಲೆ ಮೈಥಿಲಿ ಓಡಿಬಂದು ಹಿಡಿದಳು, ಕೈಯಲ್ಲಿ ಹೂಜಿ ಗೀಜಿ ಏನೂ ಇರಲಿಲ್ಲ. ಯಾವುದೋ ಅಂಗಡಿಯ ಮರೆಯಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳೆಂದು ಕಾಣುತ್ತದೆ.

ಯುಟ್ರೆಕ್ಟ್‌ಗೆ ವಾಪಸ್ಸು ಬರುವ ರೈಲಿನಲ್ಲಿ ಅವಳು ಒಬ್ಬಳೇ ಮಾತಾಡಿದಳು. ಶೇಷಾದ್ರಿ ಸರ್ ಎಷ್ಟು ಒಳ್ಳೆಯವರು, ತಾನು ಮದುವೆಯಾಗಿ ಹೋದರೆ ನಾನು ಒಬ್ಬಳೇ ಆಗುತ್ತೇನಲ್ಲ, ಅದು ಇತ್ಯರ್ಥವಾಗದೆ ತನಗೆ ಯಾವ ಗಂಡಿನ ಫೋಟೋವೂ ಬೇಕಾಗಿರಲಿಲ್ಲ, ಹೀಗೆ. ಕಿಟಕಿಯ ಆಚೆ ಹಸುಗಳು, ನೀರು, ಮತ್ತೆ ಹಸುಗಳು. ನನಗೆ ಅಳು ಬರುತ್ತಿತ್ತು, ಆದರೆ ಅಷ್ಟು ಜನರ ಎದುರು ಅಳುವುದು ಹೇಗೆ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ. ಒಂದು ಮಾತು ನನ್ನನ್ನು ಕೇಳಬಾರದಿತ್ತೇ?

"ಹೇಳಿದ್ದರೆ ನೀನು ಬರ್ತಿದ್ಯಾ ಅಮ್ಮ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ."

"ನಿಮ್ಮ ತಾತನೂ ಇದೇ ಮಾತು ಹೇಳಿದ್ದು."

ಅವಳಿಗೆ ಲಾಲ್‌ಬಾಗಿನ ಕಥೆ ಗೊತ್ತಿತ್ತು. ಅದನ್ನು ನಾನು ತಮಾಷೆಯಾಗಿ ನೂರು ಸಲ ಹೇಳಿದ್ದೆ, ಲೋಟ ತೊಳೆಯಲು ಕಳಿಸಿದ್ದನ್ನು ನಟಿಸಿ ತೋರಿಸಿ ನಗಿಸಿದ್ದೆ. ಅದು ತಮಾಷೆಯಲ್ಲ ಎಂದು ಅವಳಿಗೆ ಹೊಳೆದದ್ದು ಬಹುಶಃ ಆ ನಿಮಿಷದಲ್ಲೇ. ಸೋಫಾದ ಮೇಲೆ ಕುಸಿದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಎದ್ದುಹೋಗಿ ನನ್ನ ಸೂಟ್‌ಕೇಸಿನಿಂದ ಮಡಿಸಿದ ಫಾರಂ ಒಂದನ್ನು ತಂದಳು. ಊರಿಗೆ ಹೋದ ವಾರವೇ ಕೊಡಬೇಕಲ್ಲ ಎಂದು ನಾನು ಅದನ್ನು ಆಗಲೇ ತುಂಬಿ, ಸಹಿ ಹಾಕಿ, ಸೀರೆಗಳ ಮಧ್ಯೆ ಇಟ್ಟುಕೊಂಡು ಬಂದಿದ್ದೆ. ಮರೂನ್ ಸೀರೆ ತೆಗೆಯುವಾಗ ಅವಳು ನೋಡಿದ್ದಳು.

"ಇಪ್ಪತ್ತೆರಡು ಸಲ ಇಲ್ಲ ಅಂತ ಬರ್ದಿದ್ದೀಯ. ಆ ಪ್ರಿನ್ಸಿಪಾಲ್ ನಗ್ತಿದ್ರಲ್ಲ, ನನಗೆ ಅವರ ಪೆನ್ನು ಕಿತ್ತು ಬಿಸಾಕ್ಬೇಕು ಅನ್ಸೋದು. ಬೇಕಾ ಅಂತ ಒಬ್ಬರಾದ್ರೂ ನಿನ್ನ ಕೇಳಿದ್ರಾ?"

"ನೀನು ಕೇಳಿದ್ಯಾ?"

ಅವಳು ಅತ್ತಳು. ನಾನೂ ಅತ್ತೆ. ಅತ್ತು ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡು ನನ್ನ ಎದುರಿಗೆ ನೆಲದ ಮೇಲೆ ಬಂದು ಕೂತಳು. "ಈಗ ಕೇಳ್ತೀನಿ. ನಿನಗೆ ಬೇಕಾ ಅಮ್ಮ?"

ನನಗೆ ನಲವತ್ತೇಳು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನ ಮುಂದಿಟ್ಟಿರಲಿಲ್ಲ, ಹಾಗಾಗಿ ಉತ್ತರವೂ ತಯಾರಿರಲಿಲ್ಲ. ಒಂದು ಉಸಿರು ಎಳೆದುಕೊಂಡೆ. ಅವರ ನಂಬರು ಕೊಡು ಅಂದೆ.

ಫೋನು ನನ್ನ ಜಾಗ. ಅಲ್ಲಿ ನನಗೆ ಯಾರ ಭಯವೂ ಇಲ್ಲ. ಶೇಷಾದ್ರಿ ಎತ್ತಿಕೊಂಡ ಕೂಡಲೇ ಕ್ಷಮೆ ಕೇಳಲು ಶುರುಮಾಡಿದರು. ತಡೆಯಿರಿ, ನಾನು ಕೇಳಿದ್ದಕ್ಕೆ ಮಾತ್ರ ಹೇಳಿ ಅಂದೆ. ನನಗೇನೂ ಗೊತ್ತಿಲ್ಲ ಎಂಬುದು ನಿಮಗೆ ಯಾವಾಗ ಗೊತ್ತಾಯಿತು?

ಆ ಕಡೆ ಒಂದು ಉಸಿರು ಕೇಳಿಸಿತು. "ಲೈಡನ್‌ನಲ್ಲಿ. ನೀವು ಬೋರ್ಡು ಓದುವಾಗ ನಿಮ್ಮ ಮುಖ ನೋಡಿ ಅನುಮಾನ ಬಂತು. ಆದರೂ ಡೆಲ್ಫ್ಟ್‌ಗೆ ಬಂದೆ. ಬರಬಾರದಿತ್ತು."

"ಕನ್ನಡಕ ನಿಜವಾಗಲೂ ಬಸ್ಸಲ್ಲಿ ಬಿಟ್ಟಿದ್ರಾ?"

ಈ ಸಲ ಉಸಿರು ಇನ್ನೂ ಉದ್ದವಾಗಿತ್ತು. "ಇಲ್ಲ. ಜೇಬಲ್ಲೇ ಇತ್ತು. ಹಿಂದಿನ ದಿನ ಮೆಟ್ಟಿಲು ಹತ್ತುವಾಗ ನಿಮ್ಮ ದನಿ ಕೇಳಿದ್ದೆ. ಇನ್ನೊಂದು ಸಲ ಕೇಳಬೇಕು ಅನ್ನಿಸ್ತು."

ಇಪ್ಪತ್ತೆರಡು ವರ್ಷ ಸಾವಿರಾರು ಜನ ನನ್ನ ದನಿ ಕೇಳಿದ್ದಾರೆ. ನಂಬರು ಸಿಕ್ಕ ಕೂಡಲೇ ಮರೆತಿದ್ದಾರೆ. ನಾನು ರಿಸೀವರನ್ನು ಸ್ವಲ್ಪ ಹೊತ್ತು ಕಿವಿಯಿಂದ ದೂರ ಹಿಡಿದುಕೊಂಡೆ. ಮೈಥಿಲಿ ಬಾಗಿಲ ಮರೆಯಲ್ಲಿ ಲೈನ್ ಪರೀಕ್ಷಿಸುತ್ತಿದ್ದಳು, ರಕ್ತಗುಣ.

"ನಾಳೆ ಹನ್ನೊಂದು ಗಂಟೆಗೆ ಲೈಡನ್‌ಗೆ ಬರ್ತೀನಿ. ಅದೇ ಗಾಜಿನ ಮನೆ ಹತ್ತಿರ. ಈ ಸಲ ನೋಡೋಕೆ ಬರ್ತಾ ಇರೋದು ನಾನು. ಕನ್ನಡಕ ತನ್ನಿ, ಬೋರ್ಡು ನೀವೇ ಓದ್ಬೇಕು" ಎಂದು ಹೇಳಿ ಇಟ್ಟುಬಿಟ್ಟೆ.

ಮಾರನೆಯ ದಿನ ಮೈಥಿಲಿ ತಾನೂ ಬರುತ್ತೇನೆಂದು ಸ್ಟೇಷನ್ನಿನವರೆಗೂ ಹಟ ಮಾಡಿದಳು. ಬೇಡ ಅಂದೆ. ಯಾವ ಬಣ್ಣದ ಸೀರೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನಾಗಿಯೇ ಮರೂನ್ ಉಟ್ಟಿದ್ದೆ.

ಶೇಷಾದ್ರಿ ಹತ್ತೂವರೆಗೇ ಬಂದು ನಿಂತಿದ್ದರು. ಅವರ ಕೈಯಲ್ಲಿ ಆರು ಬೋರ್ಡು ಓದಿಸಿದೆ, ಎರಡು ಕಡೆ ತಪ್ಪು ಓದಿದರು. ಕಾಫಿ ಕುಡಿದ ಲೋಟಗಳನ್ನು ಕೊಟ್ಟು, ಅಗೋ ಆ ನಲ್ಲಿಯಲ್ಲಿ ತೊಳೆದುಕೊಂಡು ಬನ್ನಿ ಅಂದೆ. ಯಾಕೆ ಎಂದು ಕೇಳದೆ ಹೋದರು. ಎಡಗಾಲು ಸ್ವಲ್ಪ ಎಳೆಯುತ್ತದೆ, ಕಾಲೇಜಿನಲ್ಲಿ ಸ್ಕೂಟರಿನಿಂದ ಬಿದ್ದದ್ದಂತೆ. ಲಾಲ್‌ಬಾಗಿನಲ್ಲಾಗಿದ್ದರೆ ಇಷ್ಟಕ್ಕೇ ಸಂಬಂಧ ಮುರಿಯುತ್ತಿತ್ತು. ಆಮೇಲೆ ತಾವರೆ ಕೊಳದ ಕಟ್ಟೆಯ ಮೇಲೆ ಕೂತು, ಅವರ ಹೆಂಡತಿಯ ಬಗ್ಗೆ ಕೇಳಿದೆ. ಒಂದೊಂದಕ್ಕೂ ಉಸಿರು ತೆಗೆದುಕೊಂಡೇ ಹೇಳಿದರು. ಗೋವಿಂದರಾಜು ಬಗ್ಗೆ ನಾನೂ ಹೇಳಿದೆ. ಎರಡು ಗಂಟೆ ಕಳೆದದ್ದು ಗೊತ್ತಾಗಲಿಲ್ಲ. ನನಗೆ ಖುಷಿಯಾಗಿತ್ತು. ಅದನ್ನು ಅವರ ಮುಂದೆ ತೋರಿಸಿಕೊಳ್ಳಲಿಲ್ಲ, ಗಂಡಿನ ಕಡೆಯವರು ತೋರಿಸಿಕೊಳ್ಳುವ ಪದ್ಧತಿಯಿಲ್ಲ.

ಯುಟ್ರೆಕ್ಟ್‌ನಲ್ಲಿ ರೈಲು ನಿಂತಾಗ ಮೈಥಿಲಿ ಪ್ಲಾಟ್‌ಫಾರ್ಮಿನಲ್ಲೇ ಇದ್ದಳು. ಎಷ್ಟು ರೈಲು ನೋಡಿದ್ದಳೋ, ಮೂಗು ಚಳಿಗೆ ಕೆಂಪಗಾಗಿತ್ತು. ನನ್ನ ಮುಖ ನೋಡಿದಳು, ಕೈ ನೋಡಿದಳು, ಮತ್ತೆ ಮುಖ ನೋಡಿದಳು. ಹತ್ತಿರ ಬಂದು ಬಹಳ ಮೆಲ್ಲಗೆ, ಅಪ್ಪ ಪೋಸ್ಟ್‌ಮನ್ನನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದಳು.

"ಏನಂದೆ ಅಮ್ಮ ಅವರಿಗೆ?"

ನಾನು ಸೆರಗು ಸರಿಮಾಡಿಕೊಂಡು ಮುಂದೆ ನಡೆದೆ.

"ಊರಿಗೆ ಹೋಗಿ ಕಾಗದ ಬರೀತೀನಿ ಅಂದೆ."